ಬಲಗಾಲಿನ ಅಳತೆ

"ಯಾಕಿಷ್ಟೆತ್ತರ ಮಾಡವ್ರೋ ಇದನ್ನ?"

ಮುನಿಶಾಮಪ್ಪ ಕೇಳಿದ್ದು ಯಾರನ್ನೂ ಅಲ್ಲ. ಅಂಗಳದಲ್ಲಿ ಆಗ ಇದ್ದದ್ದು ಅವನು ಮತ್ತು ಅವನ ಬೂದಿ ಬಣ್ಣದ ಲ್ಯಾಂಡ್‌ಮಾಸ್ಟರ್ ಕಾರು, ಇಷ್ಟೇ. ಹಿಂದಿನ ಬಾಗಿಲು ತೆರೆದಿಟ್ಟು, ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಬಾಗಿಲ ಕೆಳಗಿನ ಅಂಚಿನವರೆಗೆ ಗೇಣು ಹಾಕಿ ನೋಡುತ್ತಿದ್ದ. ಗೇಣು ಸಾಲದೆ ಬೆರಳು ಸೇರಿಸಿದ. ಬೆರಳು ಸೇರಿಸಿದರೂ ಅಂಚು ಇನ್ನೂ ಮೇಲೆಯೇ ಇತ್ತು.

ಎತ್ತರ ಮಾಡಿಸಿದವನು ಬೇರೆ ಯಾರೂ ಅಲ್ಲ, ಅವನೇ. ಕೊಡಿಗೇಹಳ್ಳಿಯಲ್ಲಿ ಅವನದು ದ್ರಾಕ್ಷಿ ತೋಟ. ಫಸಲಿನ ಕಾಲಕ್ಕೆ ಹಿಂದಿನ ಸೀಟು ಕಿತ್ತಿಟ್ಟು, ಹಣ್ಣಿನ ಕುಕ್ಕೆಗಳನ್ನು ಚಾವಣಿ ಮುಟ್ಟುವಂತೆ ಒಟ್ಟಿಕೊಂಡು ಯಶವಂತಪುರದ ರೈಲು ನಿಲ್ದಾಣಕ್ಕೆ ಸಾಗಿಸುತ್ತಿದ್ದ. ಭಾರಕ್ಕೆ ಗಾಡಿ ಹಿಂದೆ ಕುಸಿಯುತ್ತದೆಂದು ಹೋದ ವರ್ಷವಷ್ಟೇ, ಅಡಿಯಲ್ಲಿ ಭಾರ ಹೊರುವ ಹಿಂದಿನ ಕಮಾನುಗಳಿಗೆ ಹೆಚ್ಚಿನ ಉಕ್ಕಿನ ಪಟ್ಟಿ ಕೂರಿಸಿದ್ದ. ಅಂದಿನಿಂದ ಖಾಲಿ ನಿಂತಾಗ ಅದು ನೀರು ಕುಡಿಯಲು ಮುಂಗಾಲು ಮಡಿಸಿದ ಕರುವಿನ ಹಾಗೆ ಹಿಂದೆ ಎದ್ದು ಕಾಣುತ್ತಿತ್ತು. ಎಷ್ಟು ಹೇರಿದರೂ ಜಗ್ಗದ ಗಾಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಮಗಳ ಮದುವೆ ಗೊತ್ತಾಗಿತ್ತು. ಗಂಗರತ್ನಮ್ಮನ ಗಂಡು ಯಲಹಂಕದವನು. ಅವರ ಕಡೆ ಗಂಡಿನ ಮನೆಯ ಮುಂದೆಯೇ ಚಪ್ಪರ ಹಾಕಿ ಧಾರೆ ಎರೆಯುವುದು. ಹೆಣ್ಣು ತೌರಿನಿಂದ ಹೊರಟು ಅಲ್ಲಿಗೆ ಹೋಗಬೇಕು. ಹೊರಡುವ ಗಳಿಗೆಯಲ್ಲಿ ನೆಲ ಬಿಡುವ ಮೊದಲ ಹೆಜ್ಜೆ ಬಲಗಾಲಿನದಾಗಬೇಕು. ಈ ಮಾತಿನಲ್ಲಿ ಮುನಿಶಾಮಪ್ಪನ ಅಕ್ಕ ವೆಂಕಟಲಕ್ಷ್ಮಮ್ಮ ಕಲ್ಲಿನಂತೆ ನಿಂತಿದ್ದಳು. ತಾಯಿಯಿಲ್ಲದ ಗಂಗರತ್ನಮ್ಮನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಆದ್ದರಿಂದ ಆ ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

"ಎತ್ತಿನ ಗಾಡಿ ಆದ್ರೇನು, ಕಾರ್ ಆದ್ರೇನು, ಬಲಗಾಲು ಮುಂದಾಗ್ಬೇಕು" ಎಂದಿದ್ದಳು ಬೆಳಿಗ್ಗೆ. "ಲಕ್ಷ್ಮಿದೇವಮ್ಮ ಈ ಮನೇಗ್ ಬರೋವಾಗ ಅವಸರದಾಗೆ ಎಡಗಾಲಿಟ್ಟು ಗಾಡಿ ಅತ್ತುದ್ಲಂತೆ. ಅವರಪ್ಪನೇ ಆಮೇಲ್ ಏಳ್ಕೊಂಡು ಗೋಳಾಡ್ದ. ಏನಾಯ್ತು? ಕೂಸು ಅಂಬೆಗಾಲಿಕ್ಕೋದನ್ನೂ ನೋಡ್ಲಿಲ್ಲ ಪುಣ್ಯಾತ್ಗಿತ್ತಿ."

ಲಕ್ಷ್ಮಿದೇವಮ್ಮ ಮುನಿಶಾಮಪ್ಪನ ಹೆಂಡತಿ. ಅವಳು ಸತ್ತದ್ದು ಬಾಣಂತಿ ಸನ್ನಿಯಿಂದ ಎಂದು ಅವನಿಗೆ ಗೊತ್ತಿತ್ತು. ಆದರೂ ಅಕ್ಕ ಈ ಮಾತು ಆಡಿದಾಗಲೆಲ್ಲ ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನುವ ಧೈರ್ಯವನ್ನೂ ಮಾಡಲಿಲ್ಲ. ಇಪ್ಪತ್ತು ವರ್ಷ ಆ ಎಡಗಾಲು ಅವನ ಎದೆಯ ಮೇಲೆ ಇತ್ತು.

ಗಂಗರತ್ನಮ್ಮನಿಗೆ ಬತ್ತಿದ್ದು ಬಲಗಾಲು. ಕೂಸಾಗಿದ್ದಾಗ ಒಂದು ಜ್ವರ ಬಂದು, ಬಿಟ್ಟು ಹೋಗುವಾಗ ಆ ಕಾಲಿನ ಕಸುವನ್ನು ಒಯ್ದಿತ್ತು. ನಡೆಯುತ್ತಿದ್ದಳು, ಸ್ವಲ್ಪ ಎಳೆಯುತ್ತಿತ್ತು. ಬಾವಿಯಿಂದ ನೀರು ತರುತ್ತಿದ್ದಳು. ಎಡಗಾಲು ಮುಂದಿಟ್ಟರೆ ಬಸ್ಸು, ಅಟ್ಟ, ಏಣಿ ಎಲ್ಲವನ್ನೂ ಹತ್ತುತ್ತಿದ್ದಳು. ಬಲಗಾಲನ್ನು ಮಾತ್ರ ಎತ್ತರಕ್ಕೆ ಎತ್ತಲಾರಳು. ಬೆಳಿಗ್ಗೆ ಅತ್ತೆ ಅವಳನ್ನು ಕಾರಿನ ಮುಂದೆ ನಿಲ್ಲಿಸಿ "ಇಟ್ಟು ತೋರ್ಸು" ಎಂದಾಗ, ಮೊಣಕಾಲ ಮೇಲಿನ ಸೀರೆಯನ್ನು ಕೈಯಲ್ಲಿ ಹಿಡಿದು, ಸೀರೆಯ ಜೊತೆಗೆ ಕಾಲನ್ನೂ ಎತ್ತಿದಳು. ಪಾದ ಅಂಚಿಗೆ ತಗುಲಿ ಜಾರಿ ಕೆಳಗೆ ಬಿತ್ತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಜಾರಿತು.

"ಅತ್ತೆ, ಈ ಕಾಲಿಗೆ ಇನ್ನೂ ಲಗ್ನ ಕೂಡಿ ಬಂದಿಲ್ಲ ಕಣತ್ತೆ. ನನಗೊಬ್ಬಳಿಗೇ ಬಂದಿರೋದು" ಎಂದು ನಕ್ಕಳು.

"ನಗ್ತಾಳ್ ನೋಡು! ಸೋದ್ರಮಾವ ಎತ್ತಿ ಕೂರುಸ್ಲಿ ಬಿಡು. ಎಲ್ರ ಮನೇಲೂ ಎತ್ಕೊಂಡ್ ಓಗಲ್ವಾ?"

"ಬೇರೆಯವರನ್ನ ಎತ್ಕೊಂಡ್ರೆ ಶಾಸ್ತ್ರ ಅಂತಾರೆ. ನನ್ನ ಎತ್ಕೊಂಡ್ರೆ ಕುಂಟಿ ಅಂತಾರೆ. ಬೇಡ ಅತ್ತೆ."

ಈ ಮಾತನ್ನೂ ಅವಳು ನಗುತ್ತಲೇ ಹೇಳಿದಳು. ಬಚ್ಚಲ ಕಲ್ಲಿನ ಮೇಲೆ ನಿಂತು ಮುಖ ತೊಳೆಯುತ್ತಿದ್ದ ಮುನಿಶಾಮಪ್ಪ ಮುಖ ಒರೆಸಿಕೊಳ್ಳುವುದನ್ನೇ ಮರೆತ.

ಈ ಸಂಬಂಧ ಕೂಡಿ ಬಂದದ್ದು ದೇವರ ದಯೆ ಎಂದೇ ಅವನು ನಂಬಿದ್ದ. ಅವನಿಗೆ ಓದು ಬಾರದು, ಆದರೆ ಕೇಳುವುದು ಬರುತ್ತಿತ್ತು. ಚಿಕ್ಕಂದಿನಿಂದ ಆಂಜನೇಯನ ಗುಡಿಯಲ್ಲಿ ಐಗಳು ಕಾವ್ಯ ಓದುವಾಗ ಕಂಬಕ್ಕೆ ಒರಗಿ ಕೂತು ಕೇಳಿದವನು. ಮಗಳ ಕಾಲು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವಳನ್ನು ಅದೇ ಐಗಳ ಮುಂದೆ ಕೂರಿಸಿ, "ಇವಳಿಗೆ ಓದೋದು ಕಲ್ಸಿ ಸ್ವಾಮಿ, ಕೂತ್ಕೊಂಡ್ ಮಾಡೋ ಕೆಲ್ಸ" ಎಂದು ಅಡ್ಡಬಿದ್ದಿದ್ದ. ಐಗಳು ಕಣ್ಮುಚ್ಚಿದ ಮೇಲೆ ಶ್ರಾವಣದ ಶನಿವಾರಗಳಲ್ಲಿ ಓದುವವಳು ಅವಳೇ ಆದಳು. ಹೆಂಗಸು ಓದುವುದೇ ಎಂದು ಮೂಗೆಳೆದವರೂ ಎರಡನೆಯ ವಾರ ಜಾಗ ಹಿಡಿಯಲು ಬೇಗ ಬಂದರು. ಅವಳ ದನಿ ಏರಿದರೆ ಗುಡಿಯ ಗಂಟೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಇಳಿದರೆ ತಾಯಿಯಿಲ್ಲದ ಮಕ್ಕಳ ತಲೆ ಸವರುತ್ತಿತ್ತು.

ಯಲಹಂಕದ ಚನ್ನಕೇಶವ ಒಂದು ಶನಿವಾರ ಕೇಳಲು ಬಂದ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸದಲ್ಲಿದ್ದ ಹುಡುಗ. ಮುಂದಿನ ಶನಿವಾರವೂ ಬಂದ. ಶ್ರಾವಣ ಮುಗಿಯುವ ಹೊತ್ತಿಗೆ ತಾಯಿಯನ್ನೂ ಕರೆದುಕೊಂಡು ಬಂದ. ಅವಳು ಓದುವುದನ್ನೂ ಕಂಡಿದ್ದ, ಎದ್ದು ಕಾಲೆಳೆದುಕೊಂಡು ಮಂಗಳಾರತಿಗೆ ಹೋಗುವುದನ್ನೂ ಕಂಡಿದ್ದ. ಮಾತುಕತೆಗೆ ಕೂತಾಗ ಮುನಿಶಾಮಪ್ಪ ಒಂದನ್ನೂ ಮುಚ್ಚಿಡಲಿಲ್ಲ. "ಬಲಗಾಲು ಸ್ವಲ್ಪ ಎಳೀತದೆ. ಕೆಲ್ಸಕ್ಕೇನೂ ಕೊರತೆ ಇಲ್ಲ" ಎಂದ. ಹುಡುಗನ ತಾಯಿ ಮರಿಯಮ್ಮ ಮಗನ ಮುಖ ನೋಡಿ, "ಆಗ್ಲಿ ಬಿಡಿ. ನಮ್ಮೊಸ್ಲು ದಾಟಿ ಬಂದ್ರೆ ಸಾಕು" ಎಂದು ತಾಂಬೂಲ ತೆಗೆದುಕೊಂಡಿದ್ದಳು.

ಅಂತಹ ಮನೆಗೆ ಮಗಳು ಹೊರಡುವ ದಿನ ಕಾರಿನ ಬಾಗಿಲಲ್ಲಿ ಕಾಲು ಜಾರಬಾರದು. ಮುನಿಶಾಮಪ್ಪ ಎದ್ದು ನಿಂತ. ತೋಟಕ್ಕೆ ಹೋಗಿ ಒಣಗಿದ ದ್ರಾಕ್ಷಿ ಬಳ್ಳಿಯ ನೆಟ್ಟಗಿನ ಒಂದು ಕಡ್ಡಿ ಮುರಿದುಕೊಂಡ. ಅಲ್ಲಿಂದ ನೇರ ಗುಡಿಗೆ ಹೋದ. ಗುಡಿಯ ಮೊದಲನೆಯ ಮೆಟ್ಟಿಲು ಒರಟು ಕಲ್ಲಿನದು, ದಪ್ಪನೆಯದು. ಅದೊಂದನ್ನು ಮಾತ್ರ ಗಂಗರತ್ನಮ್ಮ ಹಟ ಹಿಡಿದು ಬಲಗಾಲಿಟ್ಟೇ ಹತ್ತುತ್ತಿದ್ದಳು, ಕೈಯಾಸರೆ ಇಲ್ಲದೆ. ಅವನು ಮೆಟ್ಟಿಲಿಗೆ ಕಡ್ಡಿ ಹಿಡಿದು ಸರಿಯಾಗಿ ಕತ್ತರಿಸಿದ. ಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ.

ಯಶವಂತಪುರದಲ್ಲಿ ಖುದ್ದೂಸ್ ಸಾಬರ ಕಮಾನು ಕುಲುಮೆ. ಲಾರಿ, ಜಟಕಾ, ಕಾರು ಯಾವುದರ ಕಮಾನು ಮುರಿದರೂ ಜನ ಅಲ್ಲಿಗೇ ಹೋಗುತ್ತಿದ್ದರು. ಹೆಚ್ಚಿನ ಪಟ್ಟಿ ಹಾಕಿಕೊಟ್ಟವರೂ ಅವರೇ.

"ಏನ್ ಗೌಡ್ರೆ, ಮತ್ತೆ ಕೂತ್ಬಿಡ್ತಾ? ಇನ್ನೆರಡು ಪಟ್ಟಿ ಹಾಕ್ಲಾ? ಆಮೇಲೆ ಏಣಿ ಇಟ್ಕೊಂಡು ಹತ್ತಿ" ಎಂದರು ಸಾಬರು.

"ಇಳಿಸ್ಬೇಕು ಸಾಬ್ರೆ."

"ಏನನ್ನ?"

"ಗಾಡಿನ. ಇಂದಗಡೆ."

ಖುದ್ದೂಸ್ ಸಾಬರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. "ಮೂವತ್ತು ವರ್ಷದಿಂದ ಕಮಾನ್ ಬಡೀತಾ ಇದೀನಿ. ಎಲ್ಲಾರೂ ಎತ್ತಿ ಅಂತಾನೇ ಬರೋರು. ಇಳಿಸಿ ಅಂದೋರು ನೀವೇ ಮೊದಲು. ದ್ರಾಕ್ಷಿ ಬಿಟ್ಟು ಹತ್ತಿ ಬೆಳೆಯೋಕೆ ಶುರು ಮಾಡಿದ್ರಾ ಏನು?"

ಮುನಿಶಾಮಪ್ಪ ಕಡ್ಡಿ ತೆಗೆದು ಬಾಗಿಲ ಕೆಳಗೆ ನಿಲ್ಲಿಸಿದ. ಕಡ್ಡಿಯ ತುದಿಗೂ ಕಾರಿನ ಅಂಚಿಗೂ ನಡುವೆ ಒಂದು ಅಂಗೈ ನುಗ್ಗುವಷ್ಟು ಸಂದಿತ್ತು. ಯಾಕೆ, ಯಾರಿಗೆ, ಯಾವ ಕಾಲು ಎಂಬುದನ್ನು ತೊದಲುತ್ತ ಹೇಳಿದ. ಸಾಬರು ಗಡ್ಡ ನೀವಿಕೊಂಡು ಕೇಳಿದರು.

"ಎಡಗಾಲಲ್ಲಿ ಹತ್ತತಾಳೆ ಅಂತೀರಿ. ಮತ್ತೆ ಗಾಡಿ ಯಾಕ್ ಮುಟ್ಬೇಕು?"

"ಬಲಗಾಲೇ ಇಡ್ಬೇಕು ಸಾಬ್ರೆ. ಮೊದಲ್ನೇ ಎಜ್ಜೆ. ನಿಮ್ಗೆ ಇದೆಲ್ಲಾ…"

"ಯಾಕ್ ಗೊತ್ತಾಗಲ್ಲ? ಮಸೀದಿ ಒಳಗೆ ನಾನು ಎಡಗಾಲಿಟ್ಟು ಹೋಗ್ತೀನಾ? ಬಲಗಾಲೇ." ಅವರು ಕಡ್ಡಿಯನ್ನು ತೆಗೆದುಕೊಂಡು ಒಮ್ಮೆ ನೋಡಿ, ಜೋಪಾನವಾಗಿ ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ಕೂತ್ಕೊಳಿ. ಚಾ ಕುಡೀರಿ. ಮಗಳ ಕೆಲಸ ಇದು."

ಗಾಡಿಯ ಹಿಂಭಾಗವನ್ನು ಜಾಕಿನಲ್ಲಿ ಎತ್ತಿ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಚಕ್ರದ ಅಚ್ಚಿಗೆ ಕಮಾನನ್ನು ಬಿಗಿದಿದ್ದ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಸೀಮೆಎಣ್ಣೆ ಹುಯ್ದು, ಬಡಿದು, ಬಯ್ದು, ಮತ್ತೆ ಹುಯ್ದು ಬಿಚ್ಚಬೇಕಾಯಿತು. ಹೋದ ವರ್ಷ ಕೂರಿಸಿದ್ದ ಪಟ್ಟಿಗಳು ಹೊರಗೆ ಬಂದವು. ಉಳಿದವುಗಳನ್ನು ಒಂದೊಂದಾಗಿ ಕೆಂಡಕ್ಕಿಟ್ಟು, ಕೆಂಪೇರಿದಾಗ ಅಡಿಗಲ್ಲಿನ ಮೇಲೆ ಹಾಕಿ ಬಡಿದು, ಬಿಲ್ಲಿನಂತೆ ಬಾಗಿದ್ದ ಉಕ್ಕಿನ ಬಾಗು ತೆಗೆದು, ಎಣ್ಣೆಯಲ್ಲಿ ಅದ್ದಿದರು. ಎಣ್ಣೆ ಸುಂಯ್ ಎಂದು ಹೊಗೆ ಎಬ್ಬಿಸಿದಾಗಲೆಲ್ಲ ಮುನಿಶಾಮಪ್ಪ ಮನಸ್ಸಿನಲ್ಲೇ ಆಂಜನೇಯನನ್ನು ನೆನೆದ. ಬಿಗಿದು ಇಳಿಸಿ ನೋಡಿದರೆ ಕಡ್ಡಿಗೂ ಅಂಚಿಗೂ ಇನ್ನೂ ಎರಡು ಬೆರಳ ಸಂದು.

"ಸಾಕಲ್ವಾ ಗೌಡ್ರೆ? ಇನ್ನೂ ಇಳಿಸಿದ್ರೆ ಹಳ್ಳ ಸಿಕ್ಕಿದಾಗೆಲ್ಲ ಅಚ್ಚು ಹೋಗಿ ಗಾಡಿ ಹೊಟ್ಟೆಗೆ ಗುದ್ದುತ್ತೆ. ಕುಕ್ಕೆ ಹೇರೋ ಮಾತೇ ಇಲ್ಲ ಆಮೇಲೆ."

"ಕುಕ್ಕೆ ಎತ್ತಿನ ಗಾಡೀಲಿ ಓಗ್ತವೆ. ಕಡ್ಡಿ ಮುಟ್ಬೇಕು ಸಾಬ್ರೆ."

ಸಾಬರು ಅಚ್ಚಿಗೂ ಅದರ ಕೆಳಗೆ ತೂಗುವ ಕಮಾನಿಗೂ ನಡುವೆ ಎರಡು ಬೆರಳ ದಪ್ಪದ ಕಬ್ಬಿಣದ ತುಂಡು ಕೂರಿಸಿದರು. ಉದ್ದದ ಬೋಲ್ಟು ಹಾಕಿ ಬಿಗಿದರು. ಈ ಸಲ ಜಾಕು ಇಳಿಸಿದಾಗ ಕಾರು ನಿಟ್ಟುಸಿರು ಬಿಟ್ಟಂತೆ ಕೆಳಗೆ ಬಂದು, ಅಂಚು ಕಡ್ಡಿಯ ತಲೆಯ ಮೇಲೆ ಮೆಲ್ಲಗೆ ಕೂತಿತು. ಕಡ್ಡಿ ಮುರಿಯಲಿಲ್ಲ.

"ನೋಡಿ, ಮೂತಿ ಮೇಲೆ ಮಾಡ್ಕೊಂಡಿದೆ" ಎಂದು ಸಾಬರು ನಕ್ಕರು. "ಇನ್ಮೇಲೆ ಲೈಟ್ ಹಾಕಿದ್ರೆ ರಸ್ತೆ ಕಾಣಲ್ಲ, ತೆಂಗಿನಕಾಯಿ ಕಾಣ್ತವೆ. ಮಗಳಿಗೆ ನನ್ನ ದುವಾ ಹೇಳಿ."

ಮನೆಗೆ ಬಂದಾಗ ಸಂಜೆ. ಗಂಗರತ್ನಮ್ಮ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಅಪ್ಪ ಬಾಗಿಲು ತೆಗೆದು ಹಿಡಿದ. ಅವಳು ಸೀರೆಗೆ ಕೈ ಹಾಕದೆ ಬಲಗಾಲನ್ನು ಎತ್ತಿದಳು. ಪಾದ ಒಳಗೆ ಹೋಯಿತು. ಮೈ ಹಿಂದೆಯೇ ಹೋಯಿತು. ಸೀಟಿನ ಮೇಲೆ ಕೂತು ಅಪ್ಪನ ಮುಖ ನೋಡಿದಳು.

"ಇನ್ನೊಂದ್ಸಲ ಅತ್ತಿ ಬರ್ಲಾ?" ಎಂದಳು, ಅಪ್ಪನ ಮಾತಿನ ಧಾಟಿಯನ್ನೇ ಅಣಕಿಸಿ.

ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ವೆಂಕಟಲಕ್ಷ್ಮಮ್ಮ ಎರಡೂ ಕೈಯಿಂದ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಮುನಿಶಾಮಪ್ಪ ಮಗಳನ್ನು ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕೆರೆಯವರೆಗೆ ಹೋಗಿ ಬಂದ. ಕೆರೆಯ ಏರಿಯ ಮೇಲೆ ಗಾಳಿ ಬೀಸುವಾಗ ಹಿಂದಿನ ಸೀಟಿನಿಂದ ಅವಳು ತಾನಾಗಿಯೇ ರಾಗ ಎತ್ತಿದಳು. ತೌರಿನಿಂದ ಹೊರಟ ಮಗಳನ್ನು ಬೀಳ್ಕೊಡುವ ಒಂದು ಸಂದರ್ಭದ ಪದ್ಯ. ಮುನಿಶಾಮಪ್ಪ ಕನ್ನಡಿಯಲ್ಲಿ ಅವಳನ್ನು ನೋಡಲಿಲ್ಲ. ರಸ್ತೆ ನೋಡುವುದೇ ಅವನಿಗೆ ಕಷ್ಟವಾಗಿತ್ತು.

ಆ ವಾರದೊಳಗೆ ಬ್ಯಾಟರಾಯಪ್ಪ ಬಂದ. ಹುಡುಗನ ಸೋದರಮಾವ. ಯಶವಂತಪುರದ ಮಂಡಿಗಳಿಗೆ ಲಾರಿ ಓಡಿಸುವವನು. ಲಗ್ನಪತ್ರಿಕೆ ಬರೆಸಲು ತಾವು ಯಾವ ದಿನ ಬರುತ್ತೇವೆಂದು ಹೇಳಿ ಹೋಗಲು ಬಂದಿದ್ದ. ಹೇಳಿದ, ಮಜ್ಜಿಗೆ ಕುಡಿದ, ಹೊರಡಲು ಎದ್ದ. ಅಂಗಳದಲ್ಲಿ ಕಾರು ಕಂಡು ನಿಂತ. ಹಿಂದಿನಿಂದ ನೋಡಿದ, ಬಗ್ಗಿ ನೋಡಿದ, ಡಿಕ್ಕಿಯ ಮೇಲೆ ಅಂಗೈ ಇಟ್ಟು ಒತ್ತಿದ.

"ಏನ್ ಬೀಗ್ರೆ, ಗಾಡಿ ಎಮ್ಮೆ ಮಲಗ್ದಂಗೆ ಮಲಗ್ಬಿಟ್ಟೈತಲ್ಲ? ಕಮಾನ್ ಮುರೀತಾ?"

"ಮುರ್ದಿಲ್ಲ. ಇಳ್ಸಿವ್ನಿ."

"ಇಳ್ಸಿದ್ರಾ? ಯಾಕೆ?"

ಅಲ್ಲಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಇಳಿಜಾರಿನ ಗಾಡಿ ಈಗಿನ ಶೋಕಿ ಎಂದಿದ್ದರೂ ಆಗುತ್ತಿತ್ತು. ಆದರೆ ಮುನಿಶಾಮಪ್ಪನ ಎದೆ ತುಂಬಿತ್ತು, ಇನ್ನೂ ಯಾರೂ ಕೇಳಿರಲಿಲ್ಲ.

"ನಮ್ ಮಗೀಗೆ ಕಣ್ರೀ" ಎಂದ. "ಕಾಲ್ ಎತ್ತಿಡೋಕೆ ಸಲೀಸಾಗ್ಲಿ ಅಂತ. ನಿಮ್ಮನೇಗ್ ಬರೋ ದಿನ ಯಾರ್ ಕೈನೂ ಇಡ್ಕೋಬಾರ್ದು, ತಾನೇ ಅತ್ಬೇಕು. ಖುದ್ದೂಸ್ ಸಾಬ್ರ ತಾವ ಅಳತೆ ಕೊಟ್ಟು ಮಾಡ್ಸಿವ್ನಿ. ನೋಡಿ ಎಂಗ್ ಕೂತೈತೆ!"

ಬ್ಯಾಟರಾಯಪ್ಪ ಡಿಕ್ಕಿಯ ಮೇಲಿನ ಕೈ ತೆಗೆದ. "ಓ" ಎಂದ. ಇನ್ನೊಮ್ಮೆ ಬಗ್ಗಿ ಅಡಿ ನೋಡಿ, "ಕಾರನ್ನೇ ಇಳ್ಸುದ್ರಿ" ಎಂದ. ತಟ್ಟೆಯಲ್ಲಿಟ್ಟ ಎಲೆ ಅಡಿಕೆಯನ್ನು ಮರೆತೇ ಹೋದ. ಮುನಿಶಾಮಪ್ಪ ಅದನ್ನು ಮೆಚ್ಚುಗೆಯೆಂದೇ ತಿಳಿದ. ಒಳಗೆ ಹೋಗಿ, "ನೋಡಕ್ಕ, ಮಾತೇ ಒರಡ್ಲಿಲ್ಲ ಅವ್ರಿಗೆ" ಎಂದ.

ಲಗ್ನಪತ್ರಿಕೆಯ ದಿನ ಹೋಳಿಗೆ ಬೇಯಿಸಿದರು. ಜಗಲಿಗೆ ಜಮಖಾನ ಹಾಸಿದರು. ಗಂಗರತ್ನಮ್ಮ ತಿಳಿಹಸಿರು ಸೀರೆ ಉಟ್ಟು ಒಳಮನೆಯಲ್ಲಿ ಕೂತಳು. ಪುರೋಹಿತರು ಬಂದು ಪಂಚಾಂಗ ಬಿಚ್ಚಿ ಕಾದು, ಮಡಿಚಿ ಹೋದರು. ಯಲಹಂಕದ ಕಡೆಯಿಂದ ಬಂದ ಬಸ್ಸುಗಳೆಲ್ಲ ಯಾರನ್ನೋ ಇಳಿಸಿ ಮುಂದೆ ಹೋದವು. ಇಳಿದವರು ಯಾರೂ ಆ ಮನೆಗೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಹೋಳಿಗೆಯ ಮೇಲೆ ಬಟ್ಟೆ ಮುಚ್ಚಿದಳು.

ಮರುದಿನ ಮುನಿಶಾಮಪ್ಪ ಒಬ್ಬನೇ ಯಲಹಂಕಕ್ಕೆ ಹೋದ. ಮರಿಯಮ್ಮ ಒಳಗೆ ಕರೆದಳು, ಚಾಪೆ ಹಾಕಿದಳು, ನೀರು ಕೊಟ್ಟಳು. ಅವಳು ಕೆಟ್ಟ ಹೆಂಗಸಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಹಸು ಕಟ್ಟಿ, ಹಾಲು ಹಾಕಿ ಮಗನನ್ನು ಬೆಳೆಸಿದವಳು. ಚನ್ನಕೇಶವ ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

"ನೀವು ಮೊದ್ಲೇ ಏಳುದ್ರಿ, ಇಲ್ಲ ಅನ್ನಲ್ಲ. ಕಾಲು ಸ್ವಲ್ಪ ಎಳೀತದೆ ಅಂದ್ರಿ, ನಾನೂ ಒಪ್ಕೊಂಡೆ" ಎಂದಳು ಮರಿಯಮ್ಮ. "ಆದ್ರೆ ಕಾರನ್ನೇ ಕೂರ್ಸೋ ಅಷ್ಟು ಅಂತ ಏಳ್ಲಿಲ್ಲ. ನನ್ ತಮ್ಮ ನೋಡ್ಕೊಂಡ್ ಬಂದು ಏಳ್ದ. ನಮ್ಮನೇಲಿ ಕಾರಿಲ್ಲ ಯಜಮಾನ್ರೆ. ಕೊಟ್ಟಿಗೆ ಐತೆ, ಅಟ್ಟ ಐತೆ, ಬಾವಿಕಟ್ಟೆ ಐತೆ. ಅವನ್ನೆಲ್ಲಾ ನಾನ್ ಎಲ್ಲಿ ಇಳ್ಸಕ್ಕೆ ಓಗ್ಲಿ?"

"ಅಯ್ಯೋ, ಅತ್ತಾಳೆ ಕಣಮ್ಮ! ಎಲ್ಲಾ ಅತ್ತಾಳೆ! ನಮ್ ಅಟ್ಟಕ್ಕೆ ದಿನಾ ಅತ್ತಾಳೆ. ಎಡಗಾಲ್ ಮುಂದಿಟ್ರೆ ಏನೂ ತೊಂದ್ರೆ ಇಲ್ಲ. ಬಲಗಾಲು ಮಾತ್ರ…"

"ಎಡಗಾಲಲ್ ಅತ್ತೋಳ್ಗೆ ಕಾರ್ ಯಾಕ್ ಇಳ್ಸುದ್ರಿ ಮತ್ತೆ?"

"ಬಲಗಾಲಿಟ್ಟು ಅತ್ಲಿ ಅಂತ."

"ಯಾಕೆ?"

ಮುನಿಶಾಮಪ್ಪ ಬಾಯಿ ತೆರೆದ. ನನ್ನ ಹೆಂಡತಿ ಎಡಗಾಲಿಟ್ಟು ಗಾಡಿ ಹತ್ತಿದಳು, ಅದಕ್ಕೇ ಬಾಳಲಿಲ್ಲ ಎನ್ನುತ್ತಾರೆ, ಅದಕ್ಕೇ ಹೆದರಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಗಂಡಿನ ಮನೆಯ ನಡುಮನೆಯಲ್ಲಿ ಕೂತು ಆಡುವ ಮಾತೇ ಅದು? ಎಡಗಾಲಿಟ್ಟವಳು ಬಾಳುವುದಿಲ್ಲ ಎಂದರೆ, ನಡೆಯಲು ಕಲಿತಾಗಿನಿಂದ ಎಡಗಾಲನ್ನೇ ಮುಂದಿಟ್ಟು ಬಂದ ಮಗಳನ್ನು ಈ ಮನೆಗೆ ಹೇಗೆ ಕೊಡುವುದು? ತೆರೆದ ಬಾಯನ್ನು ಹಾಗೆಯೇ ಮುಚ್ಚಿದ. ಆ ಮುಚ್ಚಿದ ಬಾಯಿಯೇ ಮರಿಯಮ್ಮನಿಗೆ ಉತ್ತರವಾಯಿತು.

"ನೋಡಿ, ನಂಗೂ ಒಂದೆಣ್ಣಿನ್ ಮನಸ್ ನೋಯ್ಸೋಕ್ ಇಷ್ಟ ಇಲ್ಲ" ಎಂದಳು ಅವಳು, ದನಿ ತಗ್ಗಿಸಿ. "ಒಂದ್ ಕೆಲ್ಸ ಮಾಡಿ. ಕರ್ಕೊಂಡ್ ಬನ್ನಿ. ನಮ್ ಮನೆ ಮುಂದೇನೇ ಬಸ್ ನಿಲ್ತದೆ. ನಾಲ್ಕು ಜನ ನಮ್ಮೋರು ಜಗ್ಲಿ ಮೇಲ್ ಕೂತಿರ್ತಾರೆ. ಬಸ್ ಅತ್ತಿ ಇಳ್ದು ತೋರುಸ್ಲಿ. ಕೊಟ್ಟಿಗೆ ತಂಕ ನಡ್ಕೊಂಡ್ ಓಗಿ ಬರ್ಲಿ. ಅಷ್ಟಾದ್ರೆ ನಾಳೇನೇ ಪತ್ರಿಕೆ ಬರ್ಸೋಣ."

"ಅಮ್ಮ…" ಎಂದ ಚನ್ನಕೇಶವ.

ಮರಿಯಮ್ಮ ತಿರುಗಿ ಮಗನನ್ನು ನೋಡಿದಳು. ಅವನು ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತ. ಈಗ ಮಾತಾಡುತ್ತಾನೆ, ಈಗ ಆಡುತ್ತಾನೆ ಎಂದು ಮುನಿಶಾಮಪ್ಪ ಉಸಿರು ಹಿಡಿದು ಕಾದ. ಪದ್ಯದ ಕೊನೆಯ ಪಾದಕ್ಕೆ ಕಾಯುವಂತೆ ಕಾದ. ಚನ್ನಕೇಶವ ನೆಲ ನೋಡಿದ. ಮತ್ತೆ ಬಾಗಿಲಿಗೆ ಒರಗಿದ.

ಮುನಿಶಾಮಪ್ಪ ಎದ್ದು ಕೈಮುಗಿದು ಹೊರಬಿದ್ದ. ಬಳ್ಳಾರಿ ರಸ್ತೆಯ ಒಂದೊಂದು ಗುಂಡಿಗೂ ಗಾಡಿಯ ಹಿಂದಿನ ಅಚ್ಚು ಎದ್ದು ಹೊಟ್ಟೆಗೆ ಗುದ್ದಿತು. ಅವನು ನಿಧಾನ ಮಾಡಲಿಲ್ಲ.

ಮನೆಯಲ್ಲಿ ಗಂಗರತ್ನಮ್ಮ ಜಗಲಿಯ ಮೇಲೆ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅತ್ತೆ ತೋಟಕ್ಕೆ ಹೋಗಿದ್ದಳು. ಮುನಿಶಾಮಪ್ಪ ಒಳಗೆ ಹೋಗದೆ ಮಗಳ ಎದುರಿಗೆ ಕೆಳಗಿನ ಮೆಟ್ಟಿಲಲ್ಲಿ ಕೂತ. ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

"ಏನಂದ್ರಪ್ಪ?"

ಹೇಳಿದ. ಒಂದನ್ನೂ ಬಿಡದೆ ಹೇಳಿದ. ತಾನು ಬ್ಯಾಟರಾಯಪ್ಪನ ಮುಂದೆ ಹೆಮ್ಮೆಯಿಂದ ಆಡಿದ್ದನ್ನೂ ಹೇಳಿದ. ಮರಿಯಮ್ಮ ಕೇಳಿದಾಗ ಬಾಯಿ ಕಟ್ಟಿದ್ದನ್ನೂ ಹೇಳಿದ. ಅವಳ ಬೆರಳುಗಳು ಅಕ್ಕಿಯ ಮೇಲೆ ಆಡುತ್ತಲೇ ಇದ್ದವು.

"ಅವರು ಇದ್ರಾ?" ಎಂದಳು.

"ಇದ್ದ."

"ಏನಂದ್ರು?"

"ಅಮ್ಮ ಅಂದ."

"ಆಮೇಲೆ?"

"ಆಮೇಲ್ ಏನೂ ಅನ್ಲಿಲ್ಲ ಕಣವ್ವ."

ಬೆರಳುಗಳು ನಿಂತವು. ಮೊರದ ಅಂಚನ್ನು ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಬೈದರೆ ಚೆನ್ನಾಗಿತ್ತು.

"ನನ್ ಬಾಯಿಂದ ಆದದ್ದು" ಎಂದ. "ನಂಗ್ ಬೈಯವ್ವ. ಏನಾದ್ರೂ ಅನ್ನು."

"ನಿನ್ನ ಯಾಕಪ್ಪ ಬೈಲಿ? ಆವತ್ತು ಆ ಕಾರು ಹತ್ತಿದಾಗ ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಇಷ್ಟು ವರ್ಷ ನಾನೇ ಎಲ್ಲದರ ಎತ್ತರಕ್ಕೆ ಏಳ್ತಾ ಇದ್ದೆ. ಒಂದು ವಸ್ತು ನನ್ನ ಎತ್ತರಕ್ಕೆ ತಾನಾಗಿ ಬಂದದ್ದು ಅದೇ ಮೊದಲು."

ಮುನಿಶಾಮಪ್ಪ ರುಮಾಲನ್ನು ಬಾಯಿಗೆ ಒತ್ತಿ ಹಿಡಿದ. ಆಮೇಲೆ ಅದನ್ನು ತೆಗೆದು, ಸಣ್ಣ ಮಗುವನ್ನು ಔಷಧಿಗೆ ಒಲಿಸುವವನ ದನಿಯಲ್ಲಿ ಮಾತಾಡಿದ.

"ಒಂದೇ ಒಂದ್ ಸಲ ಕಣವ್ವ. ಬಸ್ ಅತ್ತಿ ಇಳ್ಯೋದು, ಅಷ್ಟೇಯ. ನೀನು ಸಂತೇಗ್ ಓಗೋವಾಗ ಅತ್ತಲ್ವಾ? ಅದ್ನೇ ಅಲ್ಲಿ ಅತ್ತೋದು. ನೋಡ್ಲಿ. ಕಣ್ ತುಂಬ ನೋಡ್ಲಿ. ನೀನು ಅವ್ರ ಮಕ ನೋಡೋದೇ ಬ್ಯಾಡ. ಅತ್ತು, ಇಳಿ, ಬಂದ್ಬಿಡು. ಪತ್ರಿಕೆ ಬರೀತಾರೆ. ಉಡ್ಗ ಒಳ್ಳೇನು ಕಣವ್ವ. ನಿನ್ ಓದು ಕೇಳಿ ಬಂದೋನು. ಇಂಥೋನು ಮತ್ತೆ ಸಿಗಲ್ಲ."

"ಹೌದು" ಎಂದಳು. "ಸಿಗಲ್ಲ."

"ಮತ್ತೆ? ಬರ್ತೀಯಾ?"

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವನು ಜಗಲಿಯ ಅಂಚಿಗೆ ಬಗ್ಗಿದ. ಏನು ಮಾಡುತ್ತಿದ್ದೇನೆಂದು ಅವನಿಗೂ ತಿಳಿಯುವ ಮೊದಲೇ ಅವನ ಎರಡೂ ಕೈಗಳು ಮುಂದೆ ಚಾಚಿದ್ದವು.

"ನಿನ್ ಕಾಲಿಗ್ ಬೀಳ್ತೀನಿ ಕಣವ್ವ."

ಗಂಗರತ್ನಮ್ಮ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಅಪ್ಪನ ಕೈಗಳನ್ನು ಹಿಡಿದು, ಅವನ ಮಡಿಲಿಗೇ ಹಿಂತಿರುಗಿಸಿ ಇಟ್ಟಳು.

"ಇಲ್ಲಪ್ಪ" ಎಂದಳು. "ನಾನು ಬರಲ್ಲ."